ಗೋಡೆಯಾಚೆಯ ಹುಳಿ

ಆಗಸ್ಟಿನಲ್ಲಿ ರೂಬಾರ್ಬ್ ಎಂಬ ಹುಳಿಕಡ್ಡಿ ಕೊಳ್ಳುವುದಾದರೆ ಅದರ ಕೆಂಪು ಬಣ್ಣಕ್ಕೆ ಮರುಳಾಗಬೇಡಿ. ಕಡ್ಡಿಯ ಬುಡಕ್ಕೆ ಉಗುರು ಹಾಕಿ ನೋಡಿ. ಉಗುರು ಸಲೀಸಾಗಿ ಇಳಿದು ರಸ ಒಸರಿದರೆ ತೆಗೆದುಕೊಳ್ಳಿ. ನಾರು ತಡೆದರೆ ಅರ್ಧ ಬೆಲೆಗೆ ಕೇಳಿ. ಕೊಡುವುದಿಲ್ಲ ಎಂದರೆ ತಿರುಗಿ ನಡೆಯಿರಿ, ಕಾರಿನ ಬಾಗಿಲು ಮುಟ್ಟುವಷ್ಟರಲ್ಲಿ ಕರೆಯುತ್ತಾರೆ. ಐರ್ಲೆಂಡಿನಲ್ಲಿ ಚೌಕಾಸಿ ನಡೆಯುವುದಿಲ್ಲ ಎನ್ನುವವರು ಮಾಡಿ ನೋಡಿದವರಲ್ಲ.

ಹೋದ ವಾರ ಡಬ್ಲಿನ್ ಹೊರಗಿನ ಲೀಕ್ಸ್‌ಲಿಪ್ ಕಡೆಯ ರಸ್ತೆಯಲ್ಲಿ ಒಬ್ಬ ರೈತ ವ್ಯಾನಿನ ಹಿಂಬಾಗಿಲು ತೆರೆದಿಟ್ಟುಕೊಂಡು ಆಲೂಗಡ್ಡೆ, ಸ್ಟ್ರಾಬೆರಿಗಳ ಜೊತೆಗೆ ರೂಬಾರ್ಬ್ ಕಟ್ಟುಗಳನ್ನು ಇಟ್ಟಿದ್ದ. ನಾನು ರೂಢಿಯಂತೆ ಉಗುರು ಹಾಕಿದೆ. ನಾರು ತಡೆಯಿತು, ಸರಿ, ಇನ್ನು ಬೆಲೆ ಇಳಿಸಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಬೆರಳಿನಿಂದ ಆ ವಾಸನೆ ಬಂತು. ಎಳೆ ಹುಣಸೆಕಾಯಿ ಕಚ್ಚಿದಾಗ ಮೂಗಿಗೆ ಏರುತ್ತದಲ್ಲ, ಅದಕ್ಕೆ ಒದ್ದೆ ಸೊಪ್ಪಿನ ವಾಸನೆ ಬೆರೆಸಿದ ಹಾಗೆ. ಅವನು ಕೇಳಿದಷ್ಟನ್ನು ಕೊಟ್ಟು ಬಂದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ನೆನಪಾದದ್ದು ಲಾಕ್‌ಡೌನಿನ ಮೊದಲ ಬೇಸಿಗೆ. ಆ ಬೇಸಿಗೆಯ ಬಗ್ಗೆ ಎಲ್ಲರೂ ಭಯದ ಕಥೆ ಹೇಳುತ್ತಾರೆ. ಭಯ ನನಗೂ ಇತ್ತು. ಆದರೆ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ನನ್ನ ಹೊಟ್ಟೆಯಲ್ಲಿ ಹೊತ್ತಿಕೊಳ್ಳುತ್ತಿದ್ದದ್ದು ಕಿಚ್ಚು, ಅದೂ ಪಕ್ಕದ ಮನೆಯ ಎಪ್ಪತ್ತು ದಾಟಿದ ಮುದುಕಿಯ ಮೇಲೆ.

ನಮ್ಮ ಮನೆ ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿ. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ಹಿಂದೆ ಎದೆಯೆತ್ತರದ ಗೋಡೆ, ಗೋಡೆಯಾಚೆ ಬ್ರೀಡಾ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು, ಮಗಳು ಕಾರ್ಕ್‌ನಲ್ಲಿ. ನನ್ನ ಗಂಡ ಮಹಾಂತೇಶ ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವರು, ಆ ಕೆಲಸ ಲಾಕ್‌ಡೌನಿನಲ್ಲೂ ನಿಲ್ಲಲಿಲ್ಲ. ನನ್ನದು ಜೋಳದ ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿಯ ವ್ಯಾಪಾರ. ಅಡಿಗೆಮನೆಯಲ್ಲಿ ಶುರುಮಾಡಿ, ಡಬ್ಲಿನ್ನಿನ ಅರ್ಧ ಕನ್ನಡದವರ ಮನೆಗೆ ಮುಟ್ಟಿಸಿದ್ದೇನೆ. ಯಾರ ಸಾಲವೂ ಇಲ್ಲದೆ, ಯಾರ ಶಿಫಾರಸೂ ಇಲ್ಲದೆ. ನಾನು ಹುಬ್ಬಳ್ಳಿಯ ಕಾಯಿಪಲ್ಲೆ ಮಾರುವವರ ಮನೆಯ ಮಗಳು, ಮಾತು ಬಲ್ಲೆ.

ಆ ಮಾತೇ ನನ್ನ ಅತ್ತೆಗೆ ಆಗಿಬರುತ್ತಿರಲಿಲ್ಲ. ಅತ್ತೆ ಗದಗಿನಲ್ಲಿ ಸಾಲಿ ಟೀಚರ್ ಆಗಿದ್ದವರು. ಮಗ ಮೆಚ್ಚಿ ತಂದ ಸೊಸೆಯನ್ನು ಅವರು ಬೈದವರಲ್ಲ, ಹೊಡೆದವರಲ್ಲ. ಮದುವೆಯಾದಾಗಿನಿಂದ ನಾನು ಏನು ಬಡಿಸಿದರೂ ಒಂದೇ ಮಾತು: "ಇರ್ಲಿ ಬಿಡವಾ." ಉಪ್ಪು ಹೆಚ್ಚಾದರೂ ಅದೇ, ಹೋಳಿಗೆ ರೇಷ್ಮೆಯ ಹಾಗೆ ಬಂದರೂ ಅದೇ. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಅದಕ್ಕೆ ನಾನೇನು ಹೇಳಲಿ?

ಆ ಫೆಬ್ರವರಿಯಲ್ಲಿ ಅವರು ಮೊಮ್ಮಗಳನ್ನು ನೋಡಿಕೊಂಡು ಹೋಗಲು ಬಂದಿದ್ದರು. ವಿಮಾನ ನಿಂತವು, ಅತ್ತೆ ಉಳಿದರು. ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಮಗ ಶಿಫ್ಟಿಗೆ ಹೋಗುತ್ತಾರೆ, ಮೊಮ್ಮಗಳು ಮಹಡಿಯ ಮೇಲೆ ಆನ್‌ಲೈನ್ ಕ್ಲಾಸಿನಲ್ಲಿರುತ್ತಾಳೆ, ಮಾತಾಡಿಸಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ಅತ್ತೆಗೆ ದಿನವಿಡೀ ನಾನೊಬ್ಬಳೇ ಗತಿ. ಒಂದು ಒಳ್ಳೆಯ ಮಾತು ಅವರ ಬಾಯಿಂದ ಬೀಳಬೇಕಾದರೆ ಇದೇ ಸಮಯ. ಸಾಮಾನು ಸಿಗದ ದಿನಗಳಲ್ಲಿ ಗುದ್ದಾಡಿ ಒಳ್ಳೆಯ ಜೋಳದ ಹಿಟ್ಟು ತರಿಸಿದೆ. ಕೆಂಪು ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಹುಡುಕಿಸಿದೆ. ಬಡಿಸಿ ಮುಖ ನೋಡುತ್ತಿದ್ದೆ. ಇರ್ಲಿ ಬಿಡವಾ.

ಆಗ ಬ್ರೀಡಾ ಅವರ ಬೋಗುಣಿ ಬಂತು.

ಆ ವಸಂತದಲ್ಲಿ ಇಲ್ಲಿ ಎಂದೂ ಕಾಣದಂಥ ಬಿಸಿಲು. ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಡುವ ಹಾಗಿರಲಿಲ್ಲ, ಹಾಗಾಗಿ ಬ್ರೀಡಾ ಹಿತ್ತಲಿನಲ್ಲೇ ಇರುತ್ತಿದ್ದರು. ಅತ್ತೆಯೂ ಬಟ್ಟೆ ಒಣಗಿಸುವ ನೆಪದಲ್ಲಿ ಹೊರಗೇ ಇರುತ್ತಿದ್ದರು. ಒಂದು ಬೆಳಗ್ಗೆ ನಾನು ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಾ ಕಿಟಕಿಯಿಂದ ನೋಡಿದರೆ, ನೀಲಿ ಅಂಚಿನ ಬಿಳಿ ಎನಾಮೆಲ್ ಬೋಗುಣಿಯೊಂದು ಗೋಡೆಯ ಮೇಲೆ ಕೂತಿದೆ. ಅದರ ತುಂಬ ರೂಬಾರ್ಬ್ ಕಡ್ಡಿ. ಬ್ರೀಡಾ ಅದನ್ನು ಇಟ್ಟು ಹಿಂದೆ ಸರಿದು ನಿಂತಿದ್ದಾರೆ, ಅತ್ತೆ ಒಂದು ಕಡ್ಡಿ ಮುರಿದು ಮೂಸುತ್ತಿದ್ದಾರೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ರೂಬಾರ್ಬ್ ಮೇಲೆ ನನ್ನ ಕಣ್ಣು ಈ ಮನೆಗೆ ಬಂದ ವರ್ಷದಿಂದಲೇ ಇತ್ತು. ಅಂಥ ಗಿಡ ನಾನು ಬೇರೆಲ್ಲೂ ನೋಡಿಲ್ಲ, ಆನೆಯ ಕಿವಿಯಂಥ ಎಲೆ, ಗೋಡೆಯ ಉದ್ದಕ್ಕೂ ಹರಡಿಕೊಂಡಿತ್ತು. ಉಪ್ಪಿನಕಾಯಿಗೆ ಚೆನ್ನಾಗಿರುತ್ತದೆ ಎಂದು ಅನ್ನಿಸಿ, ಒಂದು ಕಟ್ಟಿಗೆ ಎಷ್ಟು ಎಂದು ಬ್ರೀಡಾ ಅವರನ್ನು ಕೇಳಿದ್ದೆ. ಜಾಸ್ತಿ ತೆಗೆದುಕೊಂಡರೆ ಕಡಿಮೆ ಮಾಡಿಕೊಡುತ್ತೀರಾ ಎಂದೂ ಕೇಳಿದ್ದೆ. ಅಯ್ಯೋ, ಇದು ಮಾರುವುದಕ್ಕಲ್ಲ ಎಂದು ನಕ್ಕು ಒಳಗೆ ಹೋಗಿದ್ದರು. ಆಮೇಲೆ ವರ್ಷಗಟ್ಟಲೆ ಹವಾಮಾನದ ಮಾತು, ಕಸದ ಡಬ್ಬಿಯ ಮಾತು, ಅಷ್ಟೆ. ಒಂದು ಕಡ್ಡಿ ಈ ಕಡೆ ದಾಟಲಿಲ್ಲ. ಇಲ್ಲಿಗೆ ಹೊಸದಾಗಿ ಬರುವವರಿಗೆ ನನ್ನ ಸಲಹೆ: ಹಿತ್ತಲಿನಲ್ಲಿ ಬೆಳೆದದ್ದಕ್ಕೆ ಎಂದೂ ಬೆಲೆ ಕೇಳಬೇಡಿ. ಚೆನ್ನಾಗಿದೆ ಎಂದು ಹೇಳಿ ಸುಮ್ಮನೆ ನಿಂತಿರಿ. ಈ ಬುದ್ಧಿ ನನಗೆ ಬಂದದ್ದು ಅತ್ತೆ ಏನನ್ನೂ ಕೇಳದೆ, ಒಂದು ಇಂಗ್ಲಿಷ್ ಶಬ್ದ ಆಡದೆ, ಬೋಗುಣಿಗಟ್ಟಲೆ ಗಳಿಸಿದ್ದನ್ನು ನೋಡಿದ ಮೇಲೆ.

ಅತ್ತೆ ಬೋಗುಣಿ ಹಿಡಿದು ಒಳಗೆ ಬಂದಾಗ ಅವರ ಮುಖದಲ್ಲಿ ಬೆಳಕು. "ಪುಂಡಿ ವಾಸನಿ ಐತಿ ನೋಡು ಇದಕ," ಎಂದರು. ನಮ್ಮ ಕಡೆಯವರಿಗೆ ಪುಂಡಿ ಸೊಪ್ಪಿನ ಹುಳಿ ಸಿಕ್ಕದಿದ್ದರೆ ಊಟ ಊಟವಲ್ಲ. ಮೊದಲ ಕಂತಿನಲ್ಲಿ ಬ್ರೀಡಾ ಒಂದೆರಡು ಕಡ್ಡಿಗಳನ್ನು ಚೆಂದಕ್ಕೆಂದು ಎಲೆಸಮೇತ ಇಟ್ಟಿದ್ದರು. ಸೊಪ್ಪು ಕಂಡರೆ ಬಿಡುವ ಜನವೇ ನಾವು? ಅತ್ತೆ ಕಡ್ಡಿಯನ್ನು ಬದಿಗಿಟ್ಟು, ಎಲೆಗಳನ್ನು ತೊಳೆದು, ಹೆಚ್ಚಲು ಕೂತೇಬಿಟ್ಟರು. ಎಲೆ ವಿಷ, ತಿನ್ನುವುದು ಕಡ್ಡಿ ಮಾತ್ರ ಎಂದು ನಾನು ಹೇಳಿದೆ. ಫೋನಿನಲ್ಲಿ ತೆಗೆದು ತೋರಿಸಿದೆ. ಅತ್ತೆ ಈಳಿಗೆ ಕೆಳಗಿಡಲಿಲ್ಲ. ಐವತ್ತು ವರ್ಷದಿಂದ ಸೊಪ್ಪು ಸೋಸಿದ್ದೇನೆ, ಯಾವುದನ್ನು ತಿನ್ನಬೇಕು ಎಂದು ನಿನ್ನ ಫೋನು ಹೇಳಬೇಕೇನು ಎಂದು ಮುಖ ಗಂಟು ಹಾಕಿಕೊಂಡರು.

ನಾನು ಸೋತು ಹಿತ್ತಲಿಗೆ ಹೋಗಿ ಬ್ರೀಡಾ ಅವರಿಗೆ ಹೇಳಿದೆ. ಅವರು ಗಾಬರಿಯಾಗಿ ಗೋಡೆಗೆ ಬಂದು ಅತ್ತೆಯನ್ನು ಕರೆದರು. ಒಂದು ಎಲೆ ಕಿತ್ತು ಬಾಯಿಯ ಹತ್ತಿರ ತಂದು, ಎರಡೂ ಕೈಯಿಂದ ತಮ್ಮ ಗಂಟಲು ಹಿಡಿದು, ಕಣ್ಣು ಮೇಲೆ ಮಾಡಿ, ನಾಲಿಗೆ ಹೊರಗೆ ಚಾಚಿ, ಗೋಡೆಯ ಹಿಂದೆ ಮೆಲ್ಲಗೆ ಮುಳುಗಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು. ಅವರು ಹಾಗೆ ನಗುವುದನ್ನು ನಾನು ಅದೇ ಮೊದಲು ನೋಡಿದ್ದು. ಹೆಚ್ಚಿದ ಎಲೆಯನ್ನೆಲ್ಲ ತಾವೇ ಬಾಚಿ ಕಸಕ್ಕೆ ಹಾಕಿದರು. ನಾನು ಹೇಳಿದ್ದೂ ಅದೇ ವಿಷಯ ಅಲ್ಲವೇ? ನನಗೆ ಗಂಟುಮುಖ, ಆಕೆಗೆ ನಗು.

ಕಡ್ಡಿಯನ್ನು ಹೆಚ್ಚಿ, ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿಯ ಜೊತೆ ಕುದಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಅತ್ತೆ ಪಲ್ಯ ಮಾಡಿದರು. ಪುಂಡಿಯೇ ಎಂದರೆ ನಂಬಬೇಕು, ಅಷ್ಟು ಸರಿಯಾಗಿ ಕೂತಿತ್ತು ಹುಳಿ. ನೀವೂ ಮಾಡಬಹುದು. ಕಡ್ಡಿಯನ್ನು ಬೇಳೆ ಬೆಂದ ಮೇಲೆ ಹಾಕಿ, ಮೊದಲೇ ಹಾಕಿದರೆ ಬೇಳೆ ಬೇಯುವುದಿಲ್ಲ.

ಇನ್ನು ಬೋಗುಣಿ. ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಕಳಿಸುವುದುಂಟೇ? ಅತ್ತೆ ಅದಕ್ಕೆ ಅವಲಕ್ಕಿ ಚೂಡಾ ತುಂಬಿ ಗೋಡೆಯ ಮೇಲೆ ಇಟ್ಟರು. ಬ್ರೀಡಾ ಕೂಡ ಹಾಗೇ. ಕೊಟ್ಟವರಿಗೆ ಪ್ರತಿಯಾಗಿ ಏನೂ ಕೊಡದೆ ಸುಮ್ಮನಿರುವುದು ಅವರಿಗೂ ಗೊತ್ತಿರಲಿಲ್ಲ. ಬೋಗುಣಿ ರೂಬಾರ್ಬ್ ತುಂಬಿಕೊಂಡು ವಾಪಸು ಬಂತು. ಅತ್ತೆ ಚಕ್ಕುಲಿ ತುಂಬಿದರು. ಮತ್ತೆ ರೂಬಾರ್ಬ್. ಗುಳ್ಳಡಿಕಿ ಉಂಡಿ. ಮತ್ತೆ ರೂಬಾರ್ಬ್. ಶೇಂಗಾ ಹೋಳಿಗೆ. ಮತ್ತೆ ರೂಬಾರ್ಬ್. ಇಬ್ಬರ ನಡುವೆ ಭಾಷೆ ಇಲ್ಲ, ಆದರೆ ಬೋಗುಣಿಗೆ ಬಿಡುವಿಲ್ಲ.

ಸಂಜೆ ಇಬ್ಬರೂ ಗೋಡೆಯ ಎರಡು ಕಡೆ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಬ್ರೀಡಾ ಹಸಿ ಕಡ್ಡಿಯನ್ನು ಸಕ್ಕರೆಯಲ್ಲಿ ಅದ್ದಿ ಕಚ್ಚುತ್ತಿದ್ದರು, ಅತ್ತೆ ಉಪ್ಪುಖಾರದಲ್ಲಿ. ಆಕೆ ಇಂಗ್ಲಿಷಿನಲ್ಲಿ ಏನೋ ಹೇಳುವುದು, ಇವರು ಗದಗಿನ ಕನ್ನಡದಲ್ಲಿ ಏನೋ ಹೇಳುವುದು, ನಡುನಡುವೆ ನಗು. ನಾನು ಒಮ್ಮೆ ಚಹಾ ಹಿಡಿದು ಹೋಗಿ, ಬೇಕಿದ್ದರೆ ನಾನು ಅನುವಾದ ಮಾಡುತ್ತೇನೆ ಎಂದೆ. "ಬೇಡಮ್ಮ, ನಾವು ಗ್ರ್ಯಾಂಡ್ ಆಗಿದ್ದೀವಿ," ಎಂದರು ಬ್ರೀಡಾ. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಆರಾಮ. ಅತ್ತೆ ಆಕೆ ಏನಂದಳು ಎಂದೂ ಕೇಳಲಿಲ್ಲ, ಚಹಾ ತೆಗೆದುಕೊಂಡು ತಲೆಯಾಡಿಸಿದರು. ನಾನು ಒಳಗೆ ಬಂದು ಸಿಂಕಿನ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ.

ರಾತ್ರಿಯೂಟಕ್ಕೆ ಕೂತಾಗ ಮಹಾಂತೇಶರಿಗೆ ಹೇಳಿದರೆ ಅವರು ನಕ್ಕರು. ಅವ್ವ ಖುಷಿಯಾಗಿದ್ದಾರಲ್ಲ, ನಿನಗೇನು ಕಷ್ಟ ಎಂದು ಕೇಳಿದರು. ಏನು ಕಷ್ಟ? ಅವರ ಅವ್ವನನ್ನು ಖುಷಿಪಡಿಸಲು ನಾನು ಇಷ್ಟು ವರ್ಷ ಕೈ ಸುಟ್ಟುಕೊಂಡಿದ್ದೇನೆ. ಬ್ರೀಡಾ ಹಿತ್ತಲಿನ ಹುಳಿಕಡ್ಡಿ ಕಿತ್ತು ಗೋಡೆಯ ಮೇಲೆ ಇಟ್ಟದ್ದಷ್ಟೇ ಬಂಡವಾಳ. ವ್ಯಾಪಾರ ಮಾಡುವವಳಿಗೆ ಇದು ಎಲ್ಲಿಯ ನ್ಯಾಯ ಎಂದು ಅನ್ನಿಸುವುದಿಲ್ಲವೇ?

ಜುಲೈ ನಡುವಿಗೆ ಬಿಸಿಲು ಹೋಗಿ ಮಳೆ ಹಿಡಿಯಿತು. ನಾನು ಬೆಲೆ ಕೇಳುವುದಕ್ಕೂ ಮುಂಚೆ ಬ್ರೀಡಾ ಒಮ್ಮೆ ತಾವಾಗಿಯೇ ನನಗೆ ಹೇಳಿದ್ದರು, ಜುಲೈ ಮುಗಿಯುವುದರೊಳಗೆ ರೂಬಾರ್ಬ್ ಕೀಳುವುದನ್ನು ನಿಲ್ಲಿಸಬೇಕು ಎಂದು. ಆಮೇಲಿನ ಎಲೆಗಳು ಗಿಡಕ್ಕೆ. ಅವು ಉಂಡು ಬೇರಿಗೆ ಕೂಡಿಟ್ಟರೇ ಮುಂದಿನ ವರ್ಷ ಚಿಗುರು. ಅದೇ ಬ್ರೀಡಾ ಆಗಸ್ಟ್ ಬಂದರೂ ಕೀಳುತ್ತಲೇ ಇದ್ದರು. ಕಡ್ಡಿಗಳ ಕೆಂಪು ಹೋಗಿ ಹಸಿರಾಗಿತ್ತು, ಹೆಬ್ಬೆರಳಿಗಿಂತ ದಪ್ಪ, ಸಿಪ್ಪೆ ಎಳೆದರೆ ನಾರು ನಾರಾಗಿ ಬರುತ್ತಿತ್ತು. ಹುಳಿ ಎಂದರೆ ಹಲ್ಲು ಜುಮ್ಮೆನ್ನುವಷ್ಟು. ಅತ್ತೆ ಬೆಲ್ಲ ಹೆಚ್ಚು ಹಾಕಿ ಗೊಜ್ಜು ಮಾಡಿ, ಬಾಯಿ ಚಪ್ಪರಿಸಿ ತಿನ್ನುತ್ತಿದ್ದರು. ಗೋಡೆಯಾಚೆ ನೋಡಿದರೆ ಆನೆಕಿವಿಯ ಗಿಡ ಬೋಳಾಗುತ್ತಾ ಬಂದಿತ್ತು.

ಕಾರಣ ನನಗೆ ತಟ್ಟನೆ ಹೊಳೆಯಿತು. ಬೋಗುಣಿ! ಇವರು ತುಂಬಿ ಕಳಿಸುವುದರಿಂದ ಆಕೆ ಕೀಳುತ್ತಿದ್ದಾರೆ, ಆಕೆ ಕಿತ್ತು ಕಳಿಸುವುದರಿಂದ ಇವರು ತುಂಬುತ್ತಿದ್ದಾರೆ. ಇಬ್ಬರೂ ಮರ್ಯಾದಸ್ಥರು, ಮೊದಲು ನಿಲ್ಲಿಸುವವರು ಯಾರು? ಗಿಡ ಸಾಯುವವರೆಗೆ ನಡೆಯುತ್ತದೆ ಇದು. ಎರಡೂ ಕಡೆಯ ರೀತಿ ತಿಳಿದವಳು ನಾನೊಬ್ಬಳೇ. ಅತ್ತೆ ರವೆ ಉಂಡಿ ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತು ಹೇಳಿದೆ.

"ಅತ್ತಿ, ಇನ್ನ ಬೋಗುಣಿ ತುಂಬಿ ಕಳಸಬ್ಯಾಡ್ರಿ. ಈಗ ಕೀಳೂ ಕಾಲ ಅಲ್ಲ. ನಿಮ್ಮ ಮಾರಿ ನೋಡಿ ಆಕಿ ತನ್ನ ಗಿಡಾ ಹಾಳ ಮಾಡಕೊಳ್ಳಾಕ ಹತ್ಯಾಳ."

ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವಿಲ್ಲ. ಯಾಕೆ ಹೇಳಿದೆ ಎಂಬುದು ಬೇರೆ. ಅತ್ತೆಯ ಕೈಯಲ್ಲಿದ್ದ ಉಂಡಿ ಅರ್ಧಕ್ಕೇ ನಿಂತಿತು. ಬೋಗುಣಿಯನ್ನು ತೊಳೆದು, ಒರೆಸಿ, ಕಪಾಟಿನ ಮೇಲಿಟ್ಟರು. ತುಂಬಿ ಕಳಿಸಿದರೆ ಗಿಡಕ್ಕೆ ಪಾಪ, ಖಾಲಿ ಕಳಿಸಿದರೆ ಮನೆಗೆ ಅವಮಾನ. ಅಲ್ಲೇ ಉಳಿಯಿತು ಅದು.

ಆ ವಾರ ಅತ್ತೆ ನನ್ನ ಜೊತೆ ಒಳಗೇ ಕೂತರು. ನಾನು ಬಯಸಿದ್ದೂ ಅದನ್ನೇ. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ನಾನು ಅದು ಇದು ಮಾತಾಡಿಸುತ್ತಿದ್ದೆ. ಹೂಂ ಎನ್ನುತ್ತಿದ್ದರು. ಕಣ್ಣು ಮಾತ್ರ ಕಿಟಕಿಯಲ್ಲಿ. ಬ್ರೀಡಾ ಹಿತ್ತಲಿಗೆ ಬಂದು, ಗೋಡೆಯ ಕಡೆ ನೋಡಿ, ಸ್ವಲ್ಪ ಹೊತ್ತು ನಿಂತು ಒಳಗೆ ಹೋಗುವುದು ಕಾಣುತ್ತಿತ್ತು. ಅತ್ತೆಯ ತಟ್ಟೆಯಲ್ಲಿ ಅನ್ನ ಉಳಿಯಲು ಶುರುವಾಯಿತು. ಮೊದಲು ಗೋಡೆಯ ಹತ್ತಿರ ಹೋಗಿ ಕೂತವರನ್ನು ದೂರುತ್ತಿದ್ದೆ. ಈಗ ನನ್ನ ಮುಂದೆಯೇ ಕೂತು ಮನಸ್ಸನ್ನು ಅಲ್ಲಿಟ್ಟವರನ್ನು ಏನು ಮಾಡಲಿ? ಇದು ಮೊದಲಿನದಕ್ಕಿಂತ ಹೆಚ್ಚು ಉರಿಯಿತು.

ನಷ್ಟದ ಸರಕನ್ನು ಹಿಡಿದಿಟ್ಟುಕೊಂಡು ಕೂರುವವಳು ನಾನಲ್ಲ. ಮಳೆ ನಿಂತ ಮಧ್ಯಾಹ್ನ ಮಾಸ್ಕ್ ಹಾಕಿಕೊಂಡು ಬ್ರೀಡಾ ಅವರ ಮುಂಬಾಗಿಲಿಗೆ ಹೋಗಿ ಬೆಲ್ ಒತ್ತಿ, ಗೇಟಿನ ಹತ್ತಿರ ಬಂದು ನಿಂತೆ. ನಮ್ಮ ಅತ್ತೆಗೆ ನಿಮ್ಮ ಗಿಡದ ಚಿಂತೆ, ಅದಕ್ಕೇ ಬೋಗುಣಿ ಬಂದಿಲ್ಲ, ತಪ್ಪು ತಿಳಿಯಬೇಡಿ ಎಂದು ವಿವರಿಸಿದೆ. ಅವರು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡರು. ನನಗೇನೋ ಕಾಯಿಲೆ ಇದೆ ಎಂದು ಹೆದರಿ ದೂರ ಇಟ್ಟಿದ್ದೀರಿ ಅಂದುಕೊಂಡಿದ್ದೆ ಎಂದರು. ಆಮೇಲೆ ಹೇಳಿದರು.

"ಮನೆ ಮಾರಿಬಿಟ್ಟೆ, ಶೋಭಾ. ನೀನೊಬ್ಬಳೇ ಇರೋದು ಸಾಕು ಅಂತಾಳೆ ಮಗಳು. ಚಳಿಗಾಲಕ್ಕೆ ಮುಂಚೆ ಕಾರ್ಕ್‌ಗೆ ಹೋಗ್ತೀನಿ. ತಗೊಂಡಿರೋ ಹುಡುಗರು ಹಿತ್ತಲಿಗೆಲ್ಲ ಕಾಂಕ್ರೀಟ್ ಹಾಕ್ತಾರಂತೆ. ಇನ್ನು ಯಾರಿಗೋಸ್ಕರ ಆ ಗಿಡನ ಉಳಿಸಲಿ? ಇರೋಷ್ಟನ್ನ ನಿಮ್ಮ ಅತ್ತೆ ತಿನ್ನಲಿ ಅಂತ ಕಿತ್ತು ಕೊಡ್ತಿದ್ದೆ."

ಬೋಗುಣಿ ಕಳಿಸಲು ಹೇಳು, ಅದರಲ್ಲಿ ಆ ಶೇಂಗಾದ್ದು ಏನಾದರೂ ಇದ್ದರೆ ಚೆನ್ನಾಗಿರುತ್ತದೆ ಎಂದೂ ಸೇರಿಸಿದರು.

ನನ್ನ ಲೆಕ್ಕ ಪೂರ್ತಿ ತಪ್ಪಿತ್ತು. ಆಕೆ ಮರ್ಯಾದೆಗೆ ಸಿಕ್ಕಿ ಕೀಳುತ್ತಿರಲಿಲ್ಲ, ಕೊನೆಯ ಬೆಳೆಯನ್ನು ಯಾರ ಕೈಗೆ ಹಾಕಬೇಕು ಎಂದು ಗೊತ್ತಿದ್ದೇ ಕೀಳುತ್ತಿದ್ದರು. ಆ ಕೈ ನನ್ನದಲ್ಲ. ಗೇಟಿನ ಹತ್ತಿರ ನಿಂತು ನಾನು ಯೋಚಿಸಿದ್ದು ಇದನ್ನೇ. ಮುದುಕಿ ಮನೆ ಬಿಟ್ಟು ಹೋಗುತ್ತಿದ್ದಾರಲ್ಲ ಎಂಬ ವ್ಯಸನ ಆಮೇಲೆ ಬಂತು.

ಅತ್ತೆಗೆ ಹೇಳಿದಾಗ ಅವರು ಕಪಾಟಿನತ್ತ ನೋಡಿದರು. ಯಾವಾಗ ಹೋಗುತ್ತಾಳೆ ಎಂದಷ್ಟೇ ಕೇಳಿ, ಎದ್ದು ಶೇಂಗಾ ಹುರಿಯಲು ಬಾಣಲೆ ಇಟ್ಟರು. ಶೇಂಗಾ ಹೋಳಿಗೆಯ ಬೋಗುಣಿ ಸಂಜೆಯೊಳಗೆ ಗೋಡೆಯ ಮೇಲಿತ್ತು. ಮುಂದಿನ ಕೆಲವು ವಾರ ನಮ್ಮ ಮನೆಯಲ್ಲಿ ರೂಬಾರ್ಬ್ ಇಲ್ಲದ ಊಟವಿಲ್ಲ. ಮಗಳು ಮೂಗು ಮುರಿದಳು, ಮಹಾಂತೇಶರಿಗೆ ಎದೆಯುರಿ ಶುರುವಾಯಿತು. ಅತ್ತೆ ಬಡಿಸುತ್ತಲೇ ಇದ್ದರು.

ಸೆಪ್ಟೆಂಬರಿನ ಒಂದು ಶನಿವಾರ ಬ್ರೀಡಾ ನಮ್ಮಿಬ್ಬರನ್ನೂ ತಮ್ಮ ಹಿತ್ತಲಿಗೆ ಕರೆದರು. ಆ ಹೊತ್ತಿಗೆ ಹೊರಗೆ ದೂರ ದೂರ ಕೂರಲು ಅಡ್ಡಿಯಿರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲಿದ್ದು ನಾನು ಆ ಹಿತ್ತಲಿಗೆ ಕಾಲಿಟ್ಟದ್ದು ಅಂದೇ. ಅವರ ಮಂಡಿ ನೋಯುತ್ತಿತ್ತು, ಬಗ್ಗಲು ಆಗುತ್ತಿರಲಿಲ್ಲ. ಉಳಿದದ್ದನ್ನೆಲ್ಲ ಕಿತ್ತುಕೊಳ್ಳಿ ಎಂದು ಅತ್ತೆಯ ಕಡೆ ಕೈ ತೋರಿಸಿದರು. ಅತ್ತೆ ಗಿಡದ ಹತ್ತಿರ ಹೋದರು, ಒಂದು ಕಡ್ಡಿ ಹಿಡಿದರು, ಬಿಟ್ಟರು. ನನ್ನ ಕೈಲಿ ಆಗೂದಿಲ್ಲ ಎಂದು ವಾಪಸು ಬಂದು ಕುರ್ಚಿಯಲ್ಲಿ ಕೂತರು.

ನಾನು ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ ಕೆಲಸಕ್ಕಿಳಿದೆ. ರೂಬಾರ್ಬನ್ನು ಕತ್ತರಿಸಬಾರದು, ಕತ್ತರಿಸಿದ ಬುಡ ಕೊಳೆಯುತ್ತದೆ. ಬುಡಕ್ಕೆ ಬೆರಳು ಇಳಿಸಿ, ಸ್ವಲ್ಪ ತಿರುಚಿ, ಎಳೆಯಬೇಕು, ತೊಟ್ಟು ಕಳಚಿದ ಹಾಗೆ ಬರುತ್ತದೆ. ಇನ್ನು ಕೊಳೆತರೇನು, ಬಿಟ್ಟರೇನು, ಆದರೂ ಹಾಗೆಯೇ ಕಿತ್ತೆ. ಎಲೆ ಮುರಿದು ಒಂದು ಕಡೆ, ದಪ್ಪ ಕಡ್ಡಿ ಒಂದು ಕಡೆ, ನಡುವಿನ ಎಳೆಯವು ಇನ್ನೊಂದು ಕಡೆ. ಮಣ್ಣು ಒದ್ದೆಯಾಗಿತ್ತು, ಮಂಡಿಯವರೆಗೂ ಕೆಸರು. ಬೆನ್ನಿನ ಹಿಂದೆ ಎರಡು ಕುರ್ಚಿಗಳಲ್ಲಿ ಇಬ್ಬರು ಮುದುಕಿಯರು ಚಹಾ ಕುಡಿಯುತ್ತಿದ್ದರು. ಕೊನೆಗೂ ನೋಡು, ದುಡಿಯುವವಳು ನಾನು, ಕೂಡಿ ಕೂರುವವರು ಅವರು ಎಂದುಕೊಂಡು ಇನ್ನಷ್ಟು ಜೋರಾಗಿ ಎಳೆದೆ.

ಆಗ ಅತ್ತೆಯ ದನಿ ಕೇಳಿಸಿತು. ನನಗೆ ಹೇಳುತ್ತಿರಲಿಲ್ಲ. ಬ್ರೀಡಾ ಕಡೆ ವಾಲಿ, ದಿನಾ ಗೋಡೆಯ ಹತ್ತಿರ ಮಾತಾಡುವ ಹಾಗೆಯೇ, ಗದಗಿನ ಕನ್ನಡದಲ್ಲಿ ಹೇಳುತ್ತಿದ್ದರು.

"ಈಕಿ ನನ್ನ ಸೊಸಿ. ಈಕಿ ಇದ್ದಳಂತ ನಾನು ಈ ದೇಶದಾಗ ಹಸಕೊಂಡು ಕುಂದರಲಿಲ್ಲ ನೋಡ. ಮಗಾ ಎಲ್ಲೋ, ನಾ ಎಲ್ಲೋ. ಮನಿ ಹಿಡದು ನಿಂತಾಕಿ ಈಕಿ. ಮಾರಿ ಮುಂದ ಹೇಳಾಕ ನನಗ ಬರೂದಿಲ್ಲ, ಸುಡ್ಲಿ."

ನಾನು ಬಗ್ಗಿದವಳು ಬಗ್ಗಿಯೇ ಇದ್ದೆ. ಕೈಯಲ್ಲಿದ್ದ ಕಡ್ಡಿ ಅರ್ಧ ಕಿತ್ತು ಬಂದಿತ್ತು. ಇಷ್ಟು ವರ್ಷ ಯಾವ ಮಾತಿಗೆ ಕಾದಿದ್ದೆನೋ ಅದು ಬಂತು. ಬಂದದ್ದೂ ಆಕೆಯ ಕಿವಿಗೆ! ಆಕೆಗೆ ಅದರ ಒಂದಕ್ಷರ ತಿಳಿಯದು. ಸಂಜೆ ಸಂಜೆ ಆ ಗೋಡೆಯ ಹತ್ತಿರ ಇನ್ನೂ ಏನೇನು ಹೇಳಿದ್ದರೋ, ಎಷ್ಟು ಸಲ ಹೇಳಿದ್ದರೋ, ಎಲ್ಲ ಆಕೆಯ ಹತ್ತಿರ ಹೋಗಿ ಸೇರಿತ್ತು.

ಕಡ್ಡಿಗಳನ್ನು ತಬ್ಬಿ ಎತ್ತಿಕೊಂಡು ಕುರ್ಚಿಗಳ ಹತ್ತಿರ ಬಂದೆ. ಅತ್ತೆ ಚಹಾದ ಕಪ್ಪಿನೊಳಗೆ ನೋಡುತ್ತಾ ಕೂತಿದ್ದರು. ಬ್ರೀಡಾ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಆ ಬೇಸಿಗೆಯಲ್ಲಿ ಮೊದಲ ಸಲ ನನ್ನನ್ನು ಕೇಳಿದರು, ಅವಳು ಏನು ಹೇಳಿದಳು ಎಂದು.

"ಕಡ್ಡಿ ಚೆನ್ನಾಗಿ ಬಂದಿವೆ ಅಂತಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿ, ಹೊರೆಯನ್ನು ಎದೆಗವಚಿಕೊಂಡು ಮನೆಯ ಕಡೆ ನಡೆದೆ.